ಮೂರು ಪಾಠ, ಒಂದೇ ಬಳಗ: ಕಲಬುರಗಿಯ ಕಾಲೇಜೊಂದರ ‘ಜೋಡಿ ಪಾಠ’ ವ್ಯವಸ್ಥೆಯ ವಿಮರ್ಶೆ

ಕಲಬುರಗಿಯ ಪದವಿ ಕಾಲೇಜೊಂದು ಬಿ.ಎ. ಮೊದಲ ವರ್ಷಕ್ಕೆ ಸೇರುವ ವಿದ್ಯಾರ್ಥಿಗಳಿಗಾಗಿ ‘ಜೋಡಿ ಪಾಠ’ ಎಂಬ ವ್ಯವಸ್ಥೆಯನ್ನು ನಡೆಸುತ್ತಿದೆ. ನನ್ನ ತಂಗಿಯ ಮಗಳು ಆಳಂದ ತಾಲ್ಲೂಕಿನ ತನ್ನ ಊರಿನಲ್ಲಿ ಪಿಯುಸಿ ಮುಗಿಸಿ, 2024ರಲ್ಲಿ ನಮ್ಮ ಮನೆಯಲ್ಲಿ ಉಳಿದುಕೊಂಡು ಈ ಕಾಲೇಜು ಸೇರಿದಳು. ಹೀಗಾಗಿ ಎರಡು ಸೆಮಿಸ್ಟರುಗಳ ಕಾಲ ಈ ವ್ಯವಸ್ಥೆಯನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಪ್ರೌಢಶಾಲೆಯಲ್ಲಿ 29 ವರ್ಷ ಕನ್ನಡ ಕಲಿಸಿ ನಿವೃತ್ತಳಾದ ನನಗೆ ಪಾಠ ಹೇಗೆ ನಡೆಯುತ್ತದೆ ಎಂಬ ಕುತೂಹಲ ಇನ್ನೂ ಹೋಗಿಲ್ಲ. ಆದ್ದರಿಂದ ಪೋಷಕರ ಸಭೆಗಳಿಗೆ ತಪ್ಪದೆ ಹೋದೆ, ಉಪನ್ಯಾಸಕರೊಡನೆ ಮಾತನಾಡಿದೆ, ಮಗಳ ನೋಟ್‌ಬುಕ್ಕುಗಳನ್ನು ಓದಿದೆ. ಮೆಚ್ಚಿದ್ದರ ಜೊತೆಗೆ ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ ಕಾಲೇಜಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲು ವ್ಯವಸ್ಥೆ ಏನೆಂಬುದನ್ನು ಹೇಳುತ್ತೇನೆ. ಸಾಮಾನ್ಯವಾಗಿ ಮೊದಲ ವರ್ಷದಲ್ಲಿ ಕನ್ನಡದ ತರಗತಿಗೆ ಒಂದು ಗುಂಪು, ಇಂಗ್ಲಿಷಿಗೆ ಮತ್ತೊಂದು ಗುಂಪು, ಐಚ್ಛಿಕ ವಿಷಯಕ್ಕೆ ಮಗದೊಂದು ಗುಂಪು ಸೇರುತ್ತದೆ. ಕನ್ನಡದಲ್ಲಿ ಪಕ್ಕ ಕೂತವಳು ಅರ್ಥಶಾಸ್ತ್ರದಲ್ಲಿ ಕಾಣುವುದಿಲ್ಲ. ಅರ್ಥಶಾಸ್ತ್ರದಲ್ಲಿ ಯಾವ ಪಾಠ ನಡೆಯುತ್ತಿದೆ ಎಂಬುದು ಇಂಗ್ಲಿಷ್ ಉಪನ್ಯಾಸಕರಿಗೆ ತಿಳಿದಿರುವುದಿಲ್ಲ. ಈ ಕಾಲೇಜಿನಲ್ಲಿ ಹೊಸದಾಗಿ ಸೇರಿದವರಲ್ಲಿ ಸುಮಾರು 30 ಜನರ ಒಂದು ಬ್ಯಾಚ್ ಮಾಡಿ, ಕನ್ನಡ, ಇಂಗ್ಲಿಷ್ ಮತ್ತು ಅರ್ಥಶಾಸ್ತ್ರ ಈ ಮೂರೂ ತರಗತಿಗಳಲ್ಲಿ ಅದೇ 30 ಜನ ಒಟ್ಟಿಗೆ ಇರುವಂತೆ ವೇಳಾಪಟ್ಟಿ ಹಾಕುತ್ತಾರೆ. ಮೂವರು ಉಪನ್ಯಾಸಕರು ವಾರಕ್ಕೊಮ್ಮೆ ಕೂಡಿ ಕುಳಿತು ಮುಂದಿನ ವಾರದ ಪಾಠಗಳನ್ನು ಒಂದಕ್ಕೊಂದು ಹೊಂದಿಸುತ್ತಾರೆ. ಗುರುವಾರ ಮಧ್ಯಾಹ್ನ ಒಂದು ಗಂಟೆಯ ಕಾಲ ಮೂವರೂ ತರಗತಿಯಲ್ಲಿದ್ದು ಚರ್ಚೆ ನಡೆಸುತ್ತಾರೆ. ಸೆಮಿಸ್ಟರಿನ ಕೊನೆಗೆ ಮೂರು ವಿಷಯಗಳಿಗೂ ಸೇರಿ ಒಂದೇ ವರದಿ ಬರೆಸಿ, ಅದರ ಒಂದೊಂದು ಭಾಗಕ್ಕೆ ಒಬ್ಬೊಬ್ಬರು ಆಂತರಿಕ ಅಂಕ ಕೊಡುತ್ತಾರೆ. ಪಠ್ಯವೂ ಸೆಮಿಸ್ಟರ್ ಪರೀಕ್ಷೆಯೂ ವಿಶ್ವವಿದ್ಯಾಲಯದ ಕೈಯಲ್ಲಿ ಇರುವುದರಿಂದ, ಕಾಲೇಜು ತಾನಾಗಿ ಬದಲಿಸಬಹುದಾದದ್ದು ವೇಳಾಪಟ್ಟಿ ಮತ್ತು ಆಂತರಿಕ ಅಂಕಗಳ ಈ ಸಣ್ಣ ಜಾಗ ಮಾತ್ರ. ಆ ಸಣ್ಣ ಜಾಗವನ್ನೇ ಇವರು ಬಳಸಿಕೊಂಡಿದ್ದಾರೆ. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಎರಡು ಪ್ರವಾಸಗಳಿಗೆ ಬಸ್ ಖರ್ಚು ಮಾತ್ರ ಕೊಡಬೇಕಾಯಿತು.

ಇಂಥದ್ದೊಂದು ವ್ಯವಸ್ಥೆ ನಮ್ಮ ಭಾಗಕ್ಕೆ ಯಾಕೆ ಬೇಕು ಎಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನ ಬಳಿ ಎಸ್‌.ಎಸ್‌.ಎಲ್‌.ಸಿ. ಓದಿ, ಒಳ್ಳೆಯ ಅಂಕ ತೆಗೆದುಕೊಂಡು, ಪಿಯುಸಿಯನ್ನೂ ದಾಟಿ, ಪದವಿಯ ಮೊದಲ ಸೆಮಿಸ್ಟರಿನಲ್ಲೇ ಊರಿಗೆ ಮರಳಿದ ಮಕ್ಕಳನ್ನು ನಾನು ಕಂಡಿದ್ದೇನೆ. ಯಾಕೆ ಬಿಟ್ಟೆ ಎಂದು ಕೇಳಿದರೆ ಹೆಚ್ಚಿನವರು ಬಡತನವನ್ನಾಗಲಿ, ಪಾಠದ ಕಷ್ಟವನ್ನಾಗಲಿ ಮೊದಲು ಹೇಳುತ್ತಿರಲಿಲ್ಲ. ಜ್ವರ ಬಂದು ಎರಡು ವಾರ ಹೋಗಲಿಲ್ಲ, ಯಾರೂ ಕೇಳಲಿಲ್ಲ, ಆಮೇಲೆ ಹೋಗಲು ಮುಜುಗರವಾಯಿತು ಎಂದು ಹೇಳುತ್ತಿದ್ದರು. ಅಫಜಲಪುರ, ಜೇವರ್ಗಿ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಬರುವ ಈ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಹಾಜರಿ ಕಡಿಮೆಯಾದರೆ ಏನು ಮಾಡಬೇಕು, ವಿದ್ಯಾರ್ಥಿವೇತನದ ಅರ್ಜಿ ಯಾವಾಗ ಹಾಕಬೇಕು, ತಪ್ಪಿಹೋದ ಪಾಠದ ನೋಟ್ಸ್ ಯಾರನ್ನು ಕೇಳಬೇಕು ಎಂಬುದನ್ನು ಹೇಳಿಕೊಡಲು ಮನೆಯಲ್ಲಿ ಅಣ್ಣನೂ ಇಲ್ಲ, ಅಕ್ಕನೂ ಇಲ್ಲ. ನಮ್ಮ ಮಗಳು ಸಹ ಮೊದಲ ವಾರ ಕಾಲೇಜಿನಿಂದ ಬಂದು, ಚೀಲ ಕೂಡ ಇಳಿಸದೆ, “ದೊಡ್ಡವ್ವ, ಅಷ್ಟ ಮಂದ್ಯಾಗ ನನ್ನ ಹೆಸರು ಒಬ್ಬರಿಗೂ ಗೊತ್ತಿಲ್ಲ” ಎಂದಿದ್ದಳು. ಮೂರನೆಯ ವಾರದಲ್ಲಿ ಬ್ಯಾಚುಗಳು ಆದ ಮೇಲೆ ಆ ಮಾತು ನಿಂತಿತು. ಸೆಪ್ಟೆಂಬರಿನಲ್ಲಿ ಅವಳು ಮೂರು ದಿನ ಜ್ವರದಿಂದ ಮಲಗಿದಾಗ ನಾಲ್ವರು ಹುಡುಗಿಯರು ನೋಟ್ಸ್ ಹಿಡಿದುಕೊಂಡು ಮನೆಗೆ ಬಂದರು. ಅವರಲ್ಲಿ ಒಬ್ಬಳು ಸೇಡಂ ಕಡೆಯವಳು, ಮನೆಯಲ್ಲಿ ತೆಲುಗು ಮಾತನಾಡುವವಳು. ಮತ್ತೊಬ್ಬಳು ದರ್ಗಾದ ಹತ್ತಿರದ ಓಣಿಯವಳು, ದಖನಿ ಮನೆಮಾತಿನವಳು. ಬ್ಯಾಚ್ ಎಂಬುದು ಇಲ್ಲದಿದ್ದರೆ ಇವರು ಒಬ್ಬರಿಗೊಬ್ಬರು ಪರಿಚಯವಾಗಲು ಎರಡು ವರ್ಷ ಬೇಕಾಗುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಈ ಪದ್ಧತಿ ಇಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ ಎಂಬ ಶಿಕ್ಷಣ ಚಿಂತಕರು 1927ರಲ್ಲಿ ಒಂದು ಪ್ರಾಯೋಗಿಕ ಕಾಲೇಜು ಆರಂಭಿಸಿ, ಮೊದಲ ವರ್ಷವಿಡೀ ಪ್ರಾಚೀನ ಅಥೆನ್ಸ್ ನಗರವನ್ನೂ ಎರಡನೆಯ ವರ್ಷ ಆಧುನಿಕ ಅಮೆರಿಕವನ್ನೂ ವಿಷಯಗಳ ಗೋಡೆಯಿಲ್ಲದೆ ಓದಿಸಿದರು. ಅದು 1932ರಲ್ಲಿ ಮುಚ್ಚಿತು, ವಿಚಾರ ಉಳಿಯಿತು. ವಾಷಿಂಗ್ಟನ್ ರಾಜ್ಯದಲ್ಲಿ 1971ರಲ್ಲಿ ಬಾಗಿಲು ತೆರೆದ ಎವರ್‌ಗ್ರೀನ್ ಸ್ಟೇಟ್ ಕಾಲೇಜು ಇಡೀ ಕಲಿಕೆಯನ್ನೇ ಈ ಬಗೆಯಲ್ಲಿ ಕಟ್ಟಿತು. ನ್ಯೂಯಾರ್ಕಿನ ಲಾಗ್ವಾರ್ಡಿಯಾದಂಥ ಸಮುದಾಯ ಕಾಲೇಜುಗಳು (ಎರಡು ವರ್ಷದ ಓದಿನ ಸ್ಥಳೀಯ ಕಾಲೇಜುಗಳು), ದುಡಿಯುತ್ತ ಓದುವ ಮತ್ತು ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಹೊಂದುವಂತೆ, ಎರಡು ಮೂರು ಪಾಠಗಳನ್ನು ಜೋಡಿಸುವ ಸರಳ ರೂಪವನ್ನು ಬಳಸಿದವು. ನಮ್ಮ ಕಾಲೇಜು ಅನುಸರಿಸಿರುವುದು ಈ ಸರಳ ರೂಪವನ್ನೇ. ಸಿರಾಕ್ಯೂಸ್ ವಿಶ್ವವಿದ್ಯಾಲಯದ ವಿನ್ಸೆಂಟ್ ಟಿಂಟೊ ಅವರು ವಿದ್ಯಾರ್ಥಿಗಳು ಕಾಲೇಜು ಬಿಟ್ಟುಹೋಗುವುದರ ಕುರಿತು ದೀರ್ಘಕಾಲ ಅಧ್ಯಯನ ಮಾಡಿದವರು. ಓದಿನೊಳಗೂ ಬೇರು ಬಿಟ್ಟು, ಜೊತೆಗಾರರ ನಡುವೆಯೂ ಬೇರು ಬಿಟ್ಟ ವಿದ್ಯಾರ್ಥಿ ಉಳಿಯುತ್ತಾನೆ ಎಂಬುದು ಅವರ ವಾದದ ತಿರುಳು. ಕೆಲಸಕ್ಕೆ, ಮನೆಗೆ ಓಡಬೇಕಾದ ಮಕ್ಕಳಿಗೆ ಈ ಎರಡೂ ಆಗುವ ಒಂದೇ ಜಾಗ ತರಗತಿ ಎಂದು ಅವರು ಹೇಳುತ್ತಾರೆ. ನಾಲ್ಕು ಗಂಟೆಯ ಬಸ್ಸಿಗೆ ಓಡುವ ಜೇವರ್ಗಿಯ ಹುಡುಗಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಮೊದಲ ಸೆಮಿಸ್ಟರಿಗೆ ಮೂವರು ಉಪನ್ಯಾಸಕರು ಆರಿಸಿಕೊಂಡ ಸಮಾನ ವಿಷಯ ತೊಗರಿ. ಇದಕ್ಕಿಂತ ಸರಿಯಾದ ಆಯ್ಕೆ ಕಲಬುರಗಿಯಲ್ಲಿ ಸಾಧ್ಯವಿರಲಿಲ್ಲ. ಇಲ್ಲಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿ.ಐ. ಟ್ಯಾಗ್) ಸಿಕ್ಕಿದೆ. ಬ್ಯಾಚಿನ ಮುಕ್ಕಾಲು ಪಾಲು ಮಕ್ಕಳ ಮನೆಯಲ್ಲಿ ತೊಗರಿ ಬೆಳೆಯುತ್ತಾರೆ, ಉಳಿದವರ ಮನೆಯಲ್ಲಿ ದಿನವೂ ಬೇಳೆ ಬೇಯುತ್ತದೆ. ಆದ್ದರಿಂದ ಏನೂ ಗೊತ್ತಿಲ್ಲದವನು ಎಂಬ ವಿದ್ಯಾರ್ಥಿ ತರಗತಿಯಲ್ಲಿ ಯಾರೂ ಉಳಿಯಲಿಲ್ಲ. ಇದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ಮೊದಲ ತಿಂಗಳಲ್ಲಿ ಬಾಯಿ ತೆರೆಯಲು ಹೆದರುವ ಮಕ್ಕಳನ್ನು ಮಾತನಾಡಿಸಲು ಅವರಿಗೆ ಮೊದಲೇ ಗೊತ್ತಿರುವುದರಿಂದಲೇ ಆರಂಭಿಸಬೇಕು ಎಂಬುದು ಪಾಠ ಹೇಳಿದ ಎಲ್ಲರಿಗೂ ತಿಳಿದಿದೆ. ಕಾಲೇಜುಗಳಲ್ಲಿ ಇದನ್ನು ಮಾಡುವವರು ಕಡಿಮೆ.

ಅರ್ಥಶಾಸ್ತ್ರದಲ್ಲಿ ಬೇಡಿಕೆ, ಪೂರೈಕೆ, ಬೇಡಿಕೆಯ ಸ್ಥಿತಿಸ್ಥಾಪಕತ್ವ (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದು) ಪಠ್ಯದಲ್ಲೇ ಇವೆ. ಬೇಳೆಯ ದರ ಏರಿದಾಗ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಉಪನ್ಯಾಸಕರು ಕೇಳಿದರು. ಸಾರು ತೆಳ್ಳಗಾಗುತ್ತದೆ, ಹೆಸರುಬೇಳೆ ತರುತ್ತಾರೆ, ಪುಂಡಿಪಲ್ಯಕ್ಕೆ ಬೇಳೆ ಕಡಿಮೆ ಹಾಕುತ್ತಾರೆ ಎಂದು ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರಂತೆ. ಆ ಉತ್ತರಗಳಿಂದಲೇ ಬದಲಿ ಸರಕು ಎಂದರೇನು ಎಂಬುದನ್ನು ಬಿಡಿಸಿ ಹೇಳಿದರು. ಅದೇ ವಾರ ಕನ್ನಡದ ತರಗತಿಯಲ್ಲಿ ಸಂದರ್ಶನ ಮಾಡುವ ಬಗೆ, ಕೇಳಿದ್ದನ್ನು ಬರಹಕ್ಕೆ ಇಳಿಸುವ ಬಗೆ ಕಲಿಸಿ, ದೀಪಾವಳಿ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರೊಬ್ಬರನ್ನು ತೊಗರಿಯ ಕುರಿತು ಮಾತನಾಡಿಸಿ ಬರಲು ಹೇಳಿದರು. ನಮ್ಮ ಮಗಳು ತನ್ನ ಮುತ್ಯಾನನ್ನು (ಅಜ್ಜನನ್ನು) ಮಾತನಾಡಿಸಿದಳು. ಬೆಲೆ ಏರುವವರೆಗೆ ಮನೆಯಲ್ಲಿಟ್ಟು ಆಮೇಲೆ ಮಾರಬಹುದಲ್ಲವೇ ಎಂಬ ಅವಳ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ಅವಳು ಇದ್ದದ್ದು ಇದ್ದ ಹಾಗೆಯೇ ಬರೆದುಕೊಂಡು ಬಂದಿದ್ದಳು: “ನಾ ಕಾಯ್ತೀನವ್ವ, ಸಾಲ ಕೊಟ್ಟಾಂವ ಕಾಯಬೇಕಲ್ಲ?” ರಾಶಿಯಾದ ಕೂಡಲೇ ರೈತರು ಮಾರಲು ಬರುವುದು ಯಾಕೆ, ಮಾರುಕಟ್ಟೆಗೆ ಮಾಲಿನ ಆವಕ ಹೆಚ್ಚಾದ ಹೊತ್ತಿನಲ್ಲೇ ದರ ಇಳಿಯುವುದು ಯಾಕೆ ಎಂಬ ಅರ್ಥಶಾಸ್ತ್ರದ ಒಂದು ಗಂಟೆಯ ಪಾಠ ಆ ಒಂದು ವಾಕ್ಯದ ಮೇಲೆ ನಡೆಯಿತು ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಮುತ್ಯಾನಿಗೆ ಈ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದಾಗ ಅವರಿಗಾದ ಸಂತೋಷವನ್ನು ನಾನೂ ಕೇಳಿಸಿಕೊಂಡೆ.

ಡಿಸೆಂಬರಿನಲ್ಲಿ ಹೊಸ ತೊಗರಿ ಬರಲು ಆರಂಭವಾದಾಗ ಬ್ಯಾಚನ್ನು ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿಗೆ ಕರೆದುಕೊಂಡು ಹೋದರು. ಅಡತಿ ಅಂಗಡಿಯ ಮುಂದೆ ವ್ಯಾಪಾರಿ ಕಾಳನ್ನು ಹಲ್ಲಿನಿಂದ ಕಡಿದು ಹಸಿ ಎಷ್ಟಿದೆ ಎಂದು ಅಂದಾಜು ಮಾಡುವುದನ್ನು ನೋಡಿದರು. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 12ನ್ನು ಮೀರಬಾರದು ಎಂಬ ನಿಯಮವಿದೆ, ಅಲ್ಲಿ ಯಂತ್ರದಿಂದ ಅಳೆಯುತ್ತಾರೆ ಎಂಬುದನ್ನು ಕೇಳಿ ತಿಳಿದುಕೊಂಡರು. ಆ ವರ್ಷ ಕೇಂದ್ರ ಸರ್ಕಾರ ತೊಗರಿಗೆ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಅದರ ಹಿಂದಿನ ವರ್ಷ 7,000 ಇತ್ತು. ಒಂದು ದಾಲ್ ಮಿಲ್ಲಿನಲ್ಲಿ ಕಾಳಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಒಣಗಿಸಿ, ಸಿಪ್ಪೆ ಬಿಡಿಸಿ, ಸೀಳುವ ಕ್ರಮವನ್ನು ನೋಡಿದರು. ಒಂದು ಕ್ವಿಂಟಲ್ ತೊಗರಿಯಿಂದ ಸುಮಾರು 70 ಕಿಲೋ ಬೇಳೆ ಬರುತ್ತದೆ, ಹೊಟ್ಟು ಮತ್ತು ನುಚ್ಚು ದನದ ಮೇವಿಗೆ ಹೋಗುತ್ತದೆ ಎಂದು ಲೆಕ್ಕ ಬರೆದುಕೊಂಡರು. ಕಿರಾಣಿ ಅಂಗಡಿಯಲ್ಲಿ ಬೇಳೆಗೆ ಕೊಡುವ ದುಡ್ಡಿನಲ್ಲಿ ರೈತನ ಪಾಲೆಷ್ಟು, ಹಮಾಲಿ, ಸಾಗಣೆ, ಮಿಲ್ಲಿನ ಖರ್ಚು ಎಷ್ಟು ಎಂಬುದನ್ನು ಐದೈದು ಜನರ ಗುಂಪುಗಳು ಬಿಡಿಸಿ ನೋಡಿದವು. ನನ್ನ ಮಟ್ಟಿಗೆ ಇದು ಇಡೀ ವರ್ಷದ ಅತ್ಯುತ್ತಮ ಕೆಲಸ. ಅಲ್ಲಿಯವರೆಗೆ ಹುಡುಗರ ಬೆಂಚು ಬೇರೆ, ಹುಡುಗಿಯರ ಬೆಂಚು ಬೇರೆ ಎಂದು ಕೂತಿದ್ದವರು ಲೆಕ್ಕಕ್ಕಾಗಿ ಒಂದೇ ಹಾಳೆಯ ಸುತ್ತ ಕೂಡಿದರು. ಗಂಜಿನಲ್ಲಿ ಹಮಾಲಿ ಮಾಡುವ ತಂದೆಯ ಮಗನೊಬ್ಬ ಆ ದಿನ ಇಡೀ ಗುಂಪಿಗೆ ದಾರಿ ತೋರಿಸಿದನು, ತೂಕದ ಲೆಕ್ಕ ವಿವರಿಸಿದನು. ಅದಕ್ಕೆ ಮೊದಲು ತರಗತಿಯಲ್ಲಿ ಅವನ ದನಿಯನ್ನು ತಾನು ಕೇಳಿರಲೇ ಇಲ್ಲ ಎಂದು ಮಗಳು ಹೇಳಿದಳು.

ಇಂಗ್ಲಿಷಿನ ಕಡೆಗೆ ಬರುತ್ತೇನೆ. ಕನ್ನಡ ಮಾಧ್ಯಮದಿಂದ ಬಂದ ನಮ್ಮ ಮಕ್ಕಳು ಪದವಿಯಲ್ಲಿ ಸೋಲುವ ಜಾಗ ಇದು. ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲದ ಭಾಷೆಯಲ್ಲಿ ಬರೆಯಲು ಹೇಳಿದರೆ ಮಗು ಗೈಡಿನಿಂದ ನಕಲು ಮಾಡದೆ ಇನ್ನೇನು ಮಾಡೀತು? ಇಲ್ಲಿ ಇಂಗ್ಲಿಷ್ ಉಪನ್ಯಾಸಕಿ ಮಾಡಿದ್ದು ಬಹಳ ಸರಳವಾದದ್ದು. ಗಂಜಿನಲ್ಲಿ ನೋಡಿದ್ದನ್ನೇ, ಮುತ್ಯಾ ಹೇಳಿದ್ದನ್ನೇ, ಹತ್ತು ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ವಿಷಯ ಕೈಯಲ್ಲಿದ್ದುದರಿಂದ ಹುಡುಕಬೇಕಾದದ್ದು ಪದಗಳನ್ನು ಮಾತ್ರ. ನಮ್ಮ ಮಗಳ ಮೊದಲ ಹತ್ತು ವಾಕ್ಯಗಳಲ್ಲಿ ಎಂಟು ತಪ್ಪಿದ್ದವು. ಉಪನ್ಯಾಸಕಿ ಅವುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕದೆ, ಪ್ರತಿ ತಪ್ಪಿನ ಪಕ್ಕ ಒಂದು ಸಣ್ಣ ಸೂಚನೆ ಬರೆದು ಮತ್ತೆ ಬರೆಸಿದರು. ಮೂರನೆಯ ಸಲ ಬರೆದದ್ದು ಓದುವ ಹಾಗಿತ್ತು. ಸೆಮಿಸ್ಟರಿನ ಕೊನೆಯ ವರದಿಯಲ್ಲಿ ಕನ್ನಡದ ಭಾಗ ಹನ್ನೆರಡು ಪುಟ, ಇಂಗ್ಲಿಷಿನ ಸಾರಾಂಶ ಎರಡು ಪುಟ, ಅರ್ಥಶಾಸ್ತ್ರದ ಕೋಷ್ಟಕಗಳು ನಾಲ್ಕು ಪುಟ ಇದ್ದವು. ಕನ್ನಡ ಕಲಿಸಿದವಳಾಗಿ ಆ ಹನ್ನೆರಡು ಪುಟಗಳನ್ನು ಕಟ್ಟುನಿಟ್ಟಾಗಿಯೇ ಓದಿದೆ. ವಾಕ್ಯಗಳು ಅಲ್ಲಲ್ಲಿ ಉದ್ದವಾಗಿ ಜಾರಿದ್ದವು, ವಿರಾಮಚಿಹ್ನೆಗಳು ಸರಿಯಿರಲಿಲ್ಲ. ಆದರೆ ಒಂದೇ ಒಂದು ಸಾಲು ಕೂಡ ಬೇರೆಡೆಯಿಂದ ಎತ್ತಿದ್ದಾಗಿರಲಿಲ್ಲ. ಹದಿನೆಂಟು ವರ್ಷದ ಹುಡುಗಿಯ ಸ್ವಂತ ಬರಹ ನೋಡಿ ಬಹಳ ದಿನಗಳಾಗಿದ್ದವು.

ಎರಡನೆಯ ಸೆಮಿಸ್ಟರಿನ ವಿಷಯ ಮಳಖೇಡ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯಲ್ಲಿರುವ ಈ ಊರು ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವಾಗಿತ್ತು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಕೃತಿ ‘ಕವಿರಾಜಮಾರ್ಗ’ ಹುಟ್ಟಿದ್ದು ಆ ಆಸ್ಥಾನದಲ್ಲಿ. ಈ ಸೆಮಿಸ್ಟರಿನಲ್ಲಿ ಅರ್ಥಶಾಸ್ತ್ರದ ಜಾಗದಲ್ಲಿ ಇತಿಹಾಸವಿತ್ತು; ಕನ್ನಡ, ಇಂಗ್ಲಿಷ್, ಇತಿಹಾಸ ಈ ಮೂರನ್ನು ಜೋಡಿಸಲು ಒಳ್ಳೆಯ ವಿಷಯವೇ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಆ ಕೃತಿ ಹೇಳುವ ಕನ್ನಡ ನಾಡಿನ ಎಲ್ಲೆಯನ್ನು ನಕಾಶೆಯ ಮೇಲೆ ಗುರುತಿಸುವ ಅಭ್ಯಾಸ ಮೊದಲ ವಾರಗಳಲ್ಲಿ ಚೆನ್ನಾಗಿ ನಡೆಯಿತು. ಆದರೆ ಮಾರ್ಚಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕರು ಬೇರೆ ಕಡೆ ಕೆಲಸ ಸಿಕ್ಕು ಹೋದರು. ಅವರ ಜಾಗಕ್ಕೆ ಬಂದವರಿಗೆ ಜೋಡಿ ಪಾಠದ ವಿಷಯವನ್ನು ಯಾರೂ ತಿಳಿಸಿರಲಿಲ್ಲ. ವಾರದ ಸಭೆ ನಿಂತಿತು. ಮಳಖೇಡದ ಪ್ರವಾಸ ನಡೆದದ್ದು ನಿಜ, ಕೋಟೆಯನ್ನೂ ಬಸದಿಯನ್ನೂ ನೋಡಿ ಬಂದದ್ದು ನಿಜ. ಆದರೆ ಅದರ ಹಿಂದೆ ಮುಂದೆ ಪಾಠವಿರಲಿಲ್ಲ. ಮಕ್ಕಳು ಫೋಟೊ ತೆಗೆದುಕೊಂಡರು, ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ಉಂಡರು, ಮರಳಿದರು. ವರದಿಯ ಇತಿಹಾಸದ ಭಾಗವನ್ನು ಹೆಚ್ಚಿನವರು ಮೊಬೈಲಿನಿಂದ ಇಳಿಸಿಕೊಂಡು ಬರೆದರು. ಅದೇ ಮಕ್ಕಳು, ಅದೇ ಕೊಠಡಿ, ಅದೇ ವೇಳಾಪಟ್ಟಿ. ಉಪನ್ಯಾಸಕರು ಕೂಡಿ ಕುಳಿತುಕೊಳ್ಳುವ ಆ ಒಂದು ಗಂಟೆ ಇಲ್ಲವಾದುದರಿಂದ ಜೋಡಿ ಪಾಠ ಮತ್ತೆ ಮೂರು ಬೇರೆ ಬೇರೆ ಪಾಠಗಳಾಗಿ ಬಿಡಿಯಾಯಿತು. ಈ ವ್ಯವಸ್ಥೆಯ ಜೀವ ಎಲ್ಲಿದೆ ಎಂಬುದು ನನಗೆ ಸ್ಪಷ್ಟವಾಗಿ ಕಂಡದ್ದು ಈ ಸೋಲಿನಲ್ಲಿ.

ಅಮೆರಿಕದ ಅನುಭವವೂ ಇದಕ್ಕೆ ದೂರವಾಗಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿರುವ ಕಿಂಗ್ಸ್‌ಬರೊ ಸಮುದಾಯ ಕಾಲೇಜಿನಲ್ಲಿ 2003ರಿಂದ 2005ರವರೆಗೆ ಸೇರಿದ ಸುಮಾರು ಒಂದೂವರೆ ಸಾವಿರ ಹೊಸ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ಸುಮಾರು 25 ಜನರ ಬ್ಯಾಚುಗಳಲ್ಲಿ ಮೂರು ಜೋಡಿಸಿದ ಪಾಠಗಳಿಗೆ ಸೇರಿಸಿ ಪರೀಕ್ಷಿಸಲಾಯಿತು. ಆ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಹೆಚ್ಚು ಪಾಠಗಳಲ್ಲಿ ತೇರ್ಗಡೆಯಾದರು, ಕಾಲೇಜು ತಮ್ಮದು ಎಂಬ ಭಾವನೆ ಅವರಲ್ಲಿ ಹೆಚ್ಚಿತ್ತು. ಆದರೆ ಈ ಪರೀಕ್ಷೆ ನಡೆಸಿದ ಅಧ್ಯಯನ ಸಂಸ್ಥೆಯೇ ಮುಂದೆ ಬೇರೆ ಕೆಲವು ಕಾಲೇಜುಗಳಲ್ಲಿ ಒಂದೇ ಸೆಮಿಸ್ಟರಿನ ಜೋಡಿ ಪಾಠಗಳನ್ನು ಪರೀಕ್ಷಿಸಿದಾಗ, ಜೋಡಿಸಿದ ವಿಷಯದಲ್ಲಿ ಸಣ್ಣ ಲಾಭ ಕಂಡುಬಂದಿತೇ ಹೊರತು, ಮುಂದಿನ ಸೆಮಿಸ್ಟರುಗಳಲ್ಲಿ ಕಾಲೇಜಿನಲ್ಲಿ ಉಳಿದವರ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಪಾಠಗಳನ್ನು ನಿಜವಾಗಿ ಹೆಣೆಯುವ ಕೆಲಸ ಒಂದೊಂದು ಕಡೆ ಒಂದೊಂದು ಮಟ್ಟದಲ್ಲಿ ನಡೆದಿತ್ತು. ಆದ್ದರಿಂದ ಈ ವ್ಯವಸ್ಥೆ ಇದ್ದ ಮಾತ್ರಕ್ಕೆ ಮಗುವಿನ ಪದವಿ ಮುಗಿಯುತ್ತದೆ ಎಂದು ಪೋಷಕರು ತಿಳಿಯಬಾರದು, ಕಾಲೇಜುಗಳು ಹಾಗೆ ಹೇಳಲೂಬಾರದು.

ಇನ್ನು ಉಳಿದ ಕೊರತೆಗಳು. ಗುರುವಾರದ ಜಂಟಿ ಗಂಟೆಯನ್ನು ಮಧ್ಯಾಹ್ನ 3 ಗಂಟೆಗೆ ಇಟ್ಟದ್ದು ದೊಡ್ಡ ತಪ್ಪು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಾಸ್ಟೆಲ್ ಬಿಟ್ಟು ದಿನವೂ ಊರಿನಿಂದ ಓಡಾಡುವ ಹುಡುಗಿಯರು ಹೆಚ್ಚಾಗಿದ್ದಾರೆ. ಅವರ ಊರಿನ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಯಾರಿಗಾಗಿ ಈ ವ್ಯವಸ್ಥೆ ಮಾಡಿದ್ದಾರೋ ಆ ಮಕ್ಕಳೇ ಅದರ ಮುಖ್ಯ ಗಂಟೆಗೆ ಇರುತ್ತಿರಲಿಲ್ಲ. ಎರಡನೆಯದು, 30 ಎಂದು ಹೇಳಿದ ಬ್ಯಾಚಿಗೆ ಕೊನೆಯ ಪಟ್ಟಿಯ ಪ್ರವೇಶಗಳನ್ನೂ ಸೇರಿಸಿ 41 ಮಾಡಿದರು. ತಡವಾಗಿ ಬಂದ ಆ ಹನ್ನೊಂದು ಜನ ತಿಂಗಳುಗಟ್ಟಲೆ ಹಿಂದಿನ ಸಾಲಿನಲ್ಲಿ ತಾವೇ ಒಂದು ಬೇರೆ ಬ್ಯಾಚಿನಂತೆ ಕೂತಿದ್ದರು. ತಡವಾಗಿ ಪ್ರವೇಶ ಪಡೆಯುವವರಲ್ಲಿ ಸಾಮಾನ್ಯವಾಗಿ ದುಡ್ಡು ಹೊಂದಿಸಲು ತಡವಾದವರೇ ಇರುತ್ತಾರೆ ಎಂಬುದನ್ನು ಶಾಲೆಯ ಅನುಭವದಿಂದ ಬಲ್ಲೆ. ಬಳಗ ಹೆಚ್ಚಾಗಿ ಬೇಕಾದವರು ಅವರೇ.

ಒಂದೇ ಬಳಗದಲ್ಲಿ ಇಡೀ ದಿನ ಕಳೆಯುವುದಕ್ಕೆ ಮತ್ತೊಂದು ಮುಖವೂ ಇದೆ. ನವೆಂಬರಿನಲ್ಲಿ ಒಬ್ಬ ಹುಡುಗನಿಗೂ ಅವನ ಗುಂಪಿನವರಿಗೂ ಮನಸ್ತಾಪವಾಯಿತು. ಬೇರೆ ವ್ಯವಸ್ಥೆಯಲ್ಲಿ ಒಂದು ತರಗತಿಯಲ್ಲಿ ಮುಖ ತಪ್ಪಿಸಿಕೊಂಡರೆ ಸಾಕಾಗುತ್ತಿತ್ತು. ಇಲ್ಲಿ ಮೂರೂ ತರಗತಿಗಳಲ್ಲಿ ಅವೇ ಮುಖಗಳು. ಅವನು ಮೂರೂ ತರಗತಿಗಳಿಗೆ ಬರುವುದನ್ನು ಬಿಟ್ಟನು. ಕನ್ನಡದ ಉಪನ್ಯಾಸಕರು ಹತ್ತು ದಿನಗಳ ಮೇಲೆ ಅವನ ಮನೆಗೆ ಫೋನ್ ಮಾಡಿ, ಬೇರೆ ಗುಂಪಿಗೆ ಸೇರಿಸಿ, ಮರಳಿ ಕರೆತಂದರು. ಅವನ ಗೈರುಹಾಜರಿ ಅಷ್ಟು ಬೇಗ ಗಮನಕ್ಕೆ ಬಂದದ್ದೂ ಮೂವರು ಉಪನ್ಯಾಸಕರು ವಾರದ ಸಭೆಯಲ್ಲಿ ಹಾಜರಿ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದುದರಿಂದಲೇ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೂ ಇಂಥ ಸಂದರ್ಭದಲ್ಲಿ ಮಗು ಯಾರ ಬಳಿ ಹೋಗಬೇಕು ಎಂಬುದನ್ನು ಮೊದಲ ದಿನವೇ ತಿಳಿಸಬೇಕಿತ್ತು.

ಉಪನ್ಯಾಸಕರ ಶ್ರಮಕ್ಕೆ ಕಾಲೇಜು ಏನೂ ಕೊಡುತ್ತಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿದ ಸಂಗತಿ. ವಾರದ ಸಭೆ ಅವರ ಕೆಲಸದ ಗಂಟೆಗಳ ಲೆಕ್ಕಕ್ಕೆ ಬರುವುದಿಲ್ಲ. ಊಟದ ಬಿಡುವಿನಲ್ಲಿ ಕೂತು ಮಾಡುತ್ತಾರೆ. ಗಂಟೆಯ ಲೆಕ್ಕದಲ್ಲಿ ಸಂಬಳ ಎಣಿಸಿಕೊಳ್ಳುವ ಅತಿಥಿ ಉಪನ್ಯಾಸಕರಿಂದ ಇದನ್ನು ವರ್ಷಗಟ್ಟಲೆ ನಿರೀಕ್ಷಿಸುವುದು ನ್ಯಾಯವಲ್ಲ, ಸಾಧ್ಯವೂ ಅಲ್ಲ. ವಾರಕ್ಕೆ ಒಂದು ಗಂಟೆಯನ್ನು ಕಾರ್ಯಭಾರದಲ್ಲಿ ಸೇರಿಸಿದರೆ ಕಾಲೇಜಿಗೆ ಆಗುವ ಖರ್ಚು ಒಂದು ವಾರ್ಷಿಕೋತ್ಸವದ ಶಾಮಿಯಾನದ ಖರ್ಚಿಗಿಂತ ಹೆಚ್ಚಾಗಲಾರದು.

ಇಷ್ಟೆಲ್ಲ ನೋಡಿದ ಮೇಲೂ, ಕನ್ನಡ ಮಾಧ್ಯಮದಲ್ಲಿ ಓದಿ, ಹಳ್ಳಿಯಿಂದ ಮೊದಲ ಸಲ ಕಲಬುರಗಿಗೆ ಬರುವ ಮಗುವಿಗೆ ಈ ವ್ಯವಸ್ಥೆ ಇರುವ ಕಾಲೇಜನ್ನೇ ಆರಿಸಿ ಎಂದು ಹೇಳುತ್ತೇನೆ. ಐದರಲ್ಲಿ ಅಂಕ ಕೊಡುವುದಾದರೆ ಮೊದಲ ಸೆಮಿಸ್ಟರಿಗೆ ನಾಲ್ಕೂವರೆ, ಎರಡನೆಯದಕ್ಕೆ ಎರಡು. ನಗರದಲ್ಲೇ ಬೆಳೆದು, ಜೊತೆಗಾರರ ಗುಂಪು ಮೊದಲೇ ಇರುವ ಮಕ್ಕಳಿಗೆ ಇದರಿಂದ ಅಷ್ಟೇನೂ ವ್ಯತ್ಯಾಸವಾಗಲಿಕ್ಕಿಲ್ಲ. ಪ್ರವೇಶದ ಹೊತ್ತಿನಲ್ಲಿ ಕಟ್ಟಡವನ್ನೂ ಕಂಪ್ಯೂಟರ್ ಕೊಠಡಿಯನ್ನೂ ನೋಡುವ ಪೋಷಕರು, ಜೋಡಿಸಿದ ಪಾಠಗಳ ಉಪನ್ಯಾಸಕರು ಯಾವ ದಿನ, ಯಾವ ಹೊತ್ತಿಗೆ ಕೂಡುತ್ತಾರೆ ಎಂದು ಕೇಳಬೇಕು. ಹಿಂದಿನ ವರ್ಷದ ಒಂದು ಜಂಟಿ ವರದಿಯನ್ನು ತೋರಿಸಲು ಹೇಳಬೇಕು. ದಿನ ಹೇಳಲು ತಡವರಿಸಿದರೆ, ವರದಿ ಸಿಗದಿದ್ದರೆ, ಅಲ್ಲಿ ನಡೆಯುತ್ತಿರುವುದು ವೇಳಾಪಟ್ಟಿಯ ಜೋಡಣೆ ಮಾತ್ರ ಎಂದು ತಿಳಿಯಬಹುದು.

ವರ್ಷದ ಕೊನೆಯ ಪೋಷಕರ ಸಭೆಯಲ್ಲಿ ನಾನು ಗುರುವಾರದ ಗಂಟೆಯ ವಿಷಯವನ್ನೂ ಉಪನ್ಯಾಸಕರು ನಡುವೆ ಬದಲಾದ ವಿಷಯವನ್ನೂ ಎತ್ತಿದೆ. ಪ್ರಾಂಶುಪಾಲರು ಬರೆದುಕೊಂಡು, “ಮುಂದಿನ ವರ್ಷ ಹನ್ನೆರಡುವರಿಗೆ ಇಡ್ತೀವ್ರಿ ಅಕ್ಕಾರ, ಬಸ್ಸಿನ ಮಕ್ಕಳಿಗಿ ತ್ರಾಸ ಆಗಂಗಿಲ್ಲ” ಎಂದರು. ಎರಡನೆಯದಕ್ಕೆ ಅವರು ಉತ್ತರ ಕೊಡಲಿಲ್ಲ. ನನ್ನ ತಂಗಿಯ ಕಿರಿಯ ಮಗ ಈಗ ಪಿಯುಸಿ ಎರಡನೆಯ ವರ್ಷದಲ್ಲಿದ್ದಾನೆ; ಅವನ ಪ್ರವೇಶಕ್ಕೆ ಹೋದಾಗ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುವವಳಿದ್ದೇನೆ.